ಮನಸ್ಸಿನ ಹೊರೆಗೆ ತಕ್ಕಡಿ

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಲಾರಿಯಿಂದ ಮೂಟೆ ಇಳಿಸುವ ಹಮಾಲಿಗಳನ್ನು ನೀವು ನೋಡಿರಬಹುದು. ಬೆನ್ನಿಗೇರುವ ಮೂಟೆಯ ತೂಕ ಎಷ್ಟೆಂಬುದು ಹೊರುವವನಿಗೂ ಗೊತ್ತು, ಹೊರಿಸುವವನಿಗೂ ಗೊತ್ತು. ಅನುಮಾನ ಬಂದರೆ ತಕ್ಕಡಿ ಅಲ್ಲೇ ಇದೆ. ಕೂಲಿಯ ಲೆಕ್ಕವೂ ಜಗಳದ ಲೆಕ್ಕವೂ ಅದರ ಮುಂದೆಯೇ ತೀರುತ್ತವೆ. ಅಲ್ಲಿಂದ ಹೆಚ್ಚು ದೂರವಿಲ್ಲದ ರೈಲ್ವೆ ನಿಲ್ದಾಣದಲ್ಲಿ, ರಾತ್ರಿಯಿಡೀ ಗಾಡಿ ನಡೆಸಿ ಬಂದ ಎಂಜಿನ್ ಚಾಲಕ ಬೆಳಗಿನ ಹೊತ್ತು ಕೆಳಗಿಳಿಯುತ್ತಾನೆ. ಕೈಯಲ್ಲೊಂದು ಚೀಲ, ಕಣ್ಣಲ್ಲಿ ಕೆಂಪು. ಅವನು ಹೊತ್ತು ತಂದ ಹೊರೆ ಎಷ್ಟು? ಕೇಳಿದರೆ ಅವನೇ, 'ಹೊರೆ ಏನು ಬಂತು, ರಾತ್ರಿಯೆಲ್ಲ ಕೂತೇ ಇದ್ದೆನಲ್ಲ' ಎಂದು ನಕ್ಕುಬಿಟ್ಟಾನು.

ಕೂತೇ ಇದ್ದವನ ಹೊರೆಯನ್ನು ತೂಗುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ. ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು ಇದನ್ನೇ ಹಿಡಿದು ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ಮಾಡುತ್ತಿದ್ದಾಳೆ. ರೈಲು ಚಾಲಕರು, ತೀವ್ರನಿಗಾ ಘಟಕದ ದಾದಿಯರು, ವಿಮಾನ ಸಂಚಾರ ನಿಯಂತ್ರಕರು, ಪೊಲೀಸರು, ಇಂಥವರ ಮನಸ್ಸಿನ ಹೊರೆ ಎಷ್ಟು, ಅದು ಅವರನ್ನು ಯಾವಾಗ ಬಸವಳಿಸುತ್ತದೆ ಎಂಬುದು ಅವಳ ಪ್ರಶ್ನೆ. ಆಗಾಗ ಬಂದು ತನ್ನ ತೊಡಕುಗಳನ್ನು ಹೇಳಿಕೊಳ್ಳುತ್ತಾಳೆ. ನಾನು ಮನಶ್ಶಾಸ್ತ್ರಜ್ಞನಲ್ಲ; ಆದರೆ ಅವಳ ತೊಡಕುಗಳು ಬರಿಯ ಶಾಸ್ತ್ರದ ತೊಡಕುಗಳಲ್ಲವೆಂದು ತೋರಿ, ಈ ಬಗ್ಗೆ ಓದುವುದಕ್ಕೆ ಹಿಡಿದೆ.

ಮೊದಲಿಗೆ ಹೊರೆಯೆಂದರೇನೆಂದು ನೋಡೋಣ. ಸಾಹಿತ್ಯಾಸಕ್ತರಾದ ನಿಮಗೆ ಇದನ್ನು ತಿಳಿಸಲು ಪ್ರಯೋಗಶಾಲೆಗೆ ಕರೆದೊಯ್ಯಬೇಕಾಗಿಲ್ಲ. ಅಷ್ಟಾವಧಾನದ ಸಭೆಗೆ ಕರೆದೊಯ್ದರೆ ಸಾಕು. ಶತಾವಧಾನಿ ಆರ್. ಗಣೇಶರ ಅವಧಾನವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಎಂಟು ಮಂದಿ ಪೃಚ್ಛಕರು. ಒಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹೇರುತ್ತಾರೆ. ಒಬ್ಬರು ಪದಗಳನ್ನು ಕೊಟ್ಟು ಪದ್ಯದೊಳಗೆ ಅಡಗಿಸಿ ಎನ್ನುತ್ತಾರೆ. ಒಬ್ಬರು ಅಸಂಬದ್ಧವೆಂದು ತೋರುವ ಸಮಸ್ಯೆಯ ಸಾಲನ್ನು ಒಡ್ಡುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸುತ್ತಿಗೆ ಒಂದೇ ಪಾದ. ಉಳಿದ ಪಾದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನವರ ಬಳಿಗೆ ಹೋಗಬೇಕು. ಕೊನೆಗೆ ಧಾರಣದಲ್ಲಿ ಎಲ್ಲವನ್ನೂ ಇಡಿಯಾಗಿ ಒಪ್ಪಿಸಬೇಕು. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬೊಬ್ಬ ಮಹಾನುಭಾವ. ಯಾವಾಗ ಬೇಕಾದರೂ ಬಾಯಿ ಹಾಕಿ ಗಮನ ಕೆಡಿಸುವುದೇ ಅವನ ಕೆಲಸ.

ಮನಸ್ಸಿನ ಹೊರೆಯನ್ನು ಅಳೆಯಲು ವಿಜ್ಞಾನಿಗಳು ಬಳಸುವ ಹಳೆಯ ಉಪಾಯಗಳಲ್ಲೊಂದು ಈ ಅಪ್ರಸ್ತುತ ಪ್ರಸಂಗಿಯೇ. ಮುಖ್ಯ ಕೆಲಸದ ಜೊತೆಗೆ ಒಂದು ಅಡ್ಡ ಕೆಲಸವನ್ನು ಕೊಡುತ್ತಾರೆ. ವಿಮಾನದ ಮಾದರಿಯಲ್ಲಿ ಕುಳಿತು ಹಾರಾಟ ನಡೆಸುತ್ತಿರುವವನಿಗೆ ನಡುನಡುವೆ ಸಣ್ಣ ಲೆಕ್ಕ ಕೇಳುತ್ತಾರೆ. ಹಾರಾಟ ಸಲೀಸಾಗಿದ್ದರೆ ಉತ್ತರ ಥಟ್ಟನೆ ಬರುತ್ತದೆ. ಬಿಗಿಯಾದರೆ ಉತ್ತರ ತಡವಾಗುತ್ತದೆ, ತಪ್ಪುತ್ತದೆ, ಕಡೆಗೆ ನಿಂತೇಹೋಗುತ್ತದೆ. ಅವಧಾನಿಯ ಮಾರುತ್ತರ ಎಲ್ಲಾದರೂ ಒಂದು ಕ್ಷಣ ಮಂದವಾದರೆ ನಿಷೇಧಾಕ್ಷರಿ ಬಿಗಿಯಾಗಿದೆಯೆಂದು ಸಭೆಯಲ್ಲಿರುವ ರಸಿಕರು ಊಹಿಸುವುದಿಲ್ಲವೆ, ಹಾಗೆ. ಮನಸ್ಸಿನ ಪಾತ್ರೆಯಲ್ಲಿ ಎಷ್ಟು ತುಂಬಿದೆಯೆಂದು ನೇರವಾಗಿ ಕಾಣದು. ಇನ್ನೆಷ್ಟು ಹಿಡಿಸುತ್ತದೆ ಎಂಬುದರಿಂದ ತಿಳಿಯಬೇಕು.

ಪಾತ್ರೆ ದೊಡ್ಡದೇನಲ್ಲ. 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್, ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲದ್ದು ಏಳು ಸಂಗತಿಗಳನ್ನು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಎಂದು ಒಂದು ಪ್ರಸಿದ್ಧ ಲೇಖನದಲ್ಲಿ ಬರೆದ. ಆಮೇಲಿನವರು ಅದನ್ನು ನಾಲ್ಕರ ಸುಮಾರಿಗೆ ಇಳಿಸಿದ್ದಾರೆ. ಹಾಗಾದರೆ ಅವಧಾನಿ? ಅವನು ಬಿಡಿ ಅಕ್ಷರಗಳನ್ನು ಹಿಡಿಯುವುದಿಲ್ಲ. ಛಂದಸ್ಸಿನ ಅಚ್ಚಿನಲ್ಲಿ ಎರಕ ಹೊಯ್ದ ಪಾದಗಳನ್ನು ಹಿಡಿಯುತ್ತಾನೆ. ಅಭ್ಯಾಸದ ಬಲವೆಂದರೆ ಇದೇ. ಮೂಟೆ ಹಗುರವಾಗುವುದಿಲ್ಲ, ಕಟ್ಟುವ ರೀತಿ ಬದಲಾಗುತ್ತದೆ.

ಅಳೆಯುವ ಇನ್ನಿತರ ಉಪಾಯಗಳೂ ಇವೆ. ಕಣ್ಣಿನ ಪಾಪೆ ಅವುಗಳಲ್ಲಿ ಸೊಗಸಾದದ್ದು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾಹ್ನಮನ್, ಜಾಕ್ಸನ್ ಬೀಟಿ ಎಂಬುವರೊಡನೆ 1966ರಲ್ಲಿ ತೋರಿಸಿದಂತೆ, ನೆನಪಿಡಬೇಕಾದ ಅಂಕಿಗಳನ್ನು ಒಂದೊಂದಾಗಿ ಕೇಳುತ್ತ ಹೋದಂತೆ ಪಾಪೆ ಹಿಗ್ಗುತ್ತದೆ, ಒಪ್ಪಿಸುತ್ತ ಹೋದಂತೆ ಕುಗ್ಗುತ್ತದೆ. ಹೃದಯದ ಬಡಿತವೂ ಸುಳುಹು ಕೊಡುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರದಲ್ಲಿ ಸಹಜವಾಗಿಯೇ ಸಣ್ಣ ಏರುಪೇರಿರುತ್ತದೆ. ಮನಸ್ಸು ಶ್ರಮಿಸುವಾಗ ಆ ಏರುಪೇರು ತಗ್ಗುತ್ತದೆ. ಇವೆಲ್ಲಕ್ಕಿಂತ ಸುಲಭವಾದದ್ದು, ಕೆಲಸ ಮಾಡಿದವನನ್ನೇ ಕೇಳುವುದು. ವಿಮಾನ ಎಷ್ಟು ಸುಲಭವಾಗಿ ಮಾತು ಕೇಳುತ್ತದೆ, ಚಾಲಕ ಎಷ್ಟು ಹೆಣಗಬೇಕು ಎಂಬುದಕ್ಕೆ ಕೂಪರ್ ಮತ್ತು ಹಾರ್ಪರ್ ಎಂಬುವರು 1969ರಲ್ಲಿ ಹತ್ತು ಮೆಟ್ಟಿಲಿನ ಅಳತೆಗೋಲೊಂದನ್ನು ರೂಪಿಸಿದರು. 1988ರಲ್ಲಿ ನಾಸಾ ಸಂಸ್ಥೆಯ ಸಂಶೋಧಕಿ ಸ್ಯಾಂಡ್ರಾ ಹಾರ್ಟ್, ಲೋವೆಲ್ ಸ್ಟೇವ್‌ಲ್ಯಾಂಡ್ ಜೊತೆಗೂಡಿ ಆರು ಪ್ರಶ್ನೆಗಳ ಅಳತೆಗೋಲನ್ನು ಪ್ರಕಟಿಸಿದಳು. ಮನಸ್ಸಿಗೆ ಎಷ್ಟು ಕೆಲಸ, ದೇಹಕ್ಕೆ ಎಷ್ಟು, ಸಮಯದ ಒತ್ತಡ ಎಷ್ಟು, ಎಷ್ಟು ಹೆಣಗಬೇಕಾಯಿತು, ಕೆಲಸ ಎಷ್ಟರ ಮಟ್ಟಿಗೆ ಚೆನ್ನಾಗಿ ಆಯಿತು, ಎಷ್ಟು ಕಿರಿಕಿರಿಯಾಯಿತು? ಇಂದು ಜಗತ್ತಿನಾದ್ಯಂತ ಸಂಶೋಧಕರ ಕೈಯಲ್ಲಿರುವುದು ಹೆಚ್ಚಾಗಿ ಇದೇ ಅಳತೆಗೋಲು. ನಮ್ಮ ಹುಡುಗಿಯ ಕೈಯಲ್ಲಿಯೂ ಇದೇ.

ಉಪಾಯಗಳು ಇಷ್ಟಿರುವಾಗ ತೊಡಕೇನು ಎನ್ನುವಿರಿ. ಬೆಂಗಳೂರಿನ ಉತ್ತರದ ಆಕಾಶವನ್ನೊಮ್ಮೆ ನೋಡಿ. ಜಕ್ಕೂರಿನಲ್ಲಿ ಹಾರಾಟ ಕಲಿಯುವ ಎಳೆಯರ ಪುಟ್ಟ ವಿಮಾನಗಳು. ಯಲಹಂಕದಲ್ಲಿ ವಾಯುಸೇನೆಯ ನೆಲೆ. 2008ರ ಮೇ ತಿಂಗಳಿನಿಂದ ದೇವನಹಳ್ಳಿಯಲ್ಲಿ ದೊಡ್ಡ ವಿಮಾನ ನಿಲ್ದಾಣ. ಒಂದೇ ಹೆದ್ದಾರಿಯ ಇಕ್ಕೆಲದಲ್ಲಿ ಮೂರು ಬಗೆಯ ಹಾರಾಟ. ಇಂಥ ಆಕಾಶವನ್ನು ಕಾಯುವ ಸಂಚಾರ ನಿಯಂತ್ರಕರ ವೃತ್ತಿಯಲ್ಲಿ ಒಂದು ಮಾತು ಬಳಕೆಯಲ್ಲಿದೆ: 'ಚಿತ್ರ' ಕೈಯಲ್ಲಿರಬೇಕು. ಯಾವ ವಿಮಾನ ಎಲ್ಲಿದೆ, ಇನ್ನೈದು ನಿಮಿಷಕ್ಕೆ ಎಲ್ಲಿರುತ್ತದೆ ಎಂಬ ಇಡಿಯ ನೋಟವೇ ಆ ಚಿತ್ರ. ಅದು ಕೈತಪ್ಪಿತೆಂದರೆ ಪರದೆಯ ಮೇಲಿನ ಚುಕ್ಕೆಗಳು ಬರಿಯ ಚುಕ್ಕೆಗಳು. 1971ರಲ್ಲಿ ಫ್ರಾನ್ಸಿನ ಸ್ಪೆರಾಂಡಿಯೊ ಎಂಬ ವಿದ್ವಾಂಸ ಇಂಥ ನಿಯಂತ್ರಕರನ್ನು ಕುರಿತು ಒಂದು ವಿಚಾರವನ್ನು ಪ್ರಕಟಿಸಿದ. ವಿಮಾನಗಳ ಸಂಖ್ಯೆ ಏರಿದಂತೆ ಅವರು ಹೆಚ್ಚು ಹೆಚ್ಚು ಹೆಣಗುತ್ತ ಹೋಗುವುದಿಲ್ಲ. ಕೆಲಸ ಮಾಡುವ ಬಗೆಯನ್ನೇ ಬದಲಿಸುತ್ತಾರೆ. ಕಡಿಮೆ ವಿಮಾನಗಳಿದ್ದಾಗ ಪ್ರತಿಯೊಂದರ ವೇಗ, ಎತ್ತರ, ದಿಕ್ಕು ಎಲ್ಲವನ್ನೂ ವಿಚಾರಿಸಿ ನಾಜೂಕಾಗಿ ನಡೆಸುವವರು, ದಟ್ಟಣೆಯಾದಾಗ ಕೆಲವನ್ನು ಕೈಬಿಟ್ಟು, ಎಲ್ಲಕ್ಕೂ ಒಂದೇ ಸಿದ್ಧ ಮಾದರಿಯನ್ನು ಹಚ್ಚುತ್ತಾರೆ. ನಾಜೂಕು ಹೋಗುತ್ತದೆ, ಸುರಕ್ಷತೆ ಉಳಿಯುತ್ತದೆ.

ಇದು ನನಗೆ ಬಹಳ ಮುಖ್ಯವೆಂದು ತೋರಿತು. ಅನುಭವಿಯಾದವನು ಹೊರೆಯನ್ನು ತೋರಗೊಡುವುದಿಲ್ಲ. ಹೊರಗೆ ತಪ್ಪುಗಳು ಕಾಣವು. ಮೇಲಧಿಕಾರಿಯ ದಫ್ತರದಲ್ಲಿ ಎಲ್ಲವೂ ಸರಿಯಾಗಿದೆ. ಒಳಗೆ ಮಾತ್ರ, ಮೊದಲು ಚೆನ್ನಾಗಿ ಮಾಡುತ್ತಿದ್ದ ಯಾವುದೋ ಒಂದನ್ನು ಅವನು ಬಿಟ್ಟುಕೊಟ್ಟಿದ್ದಾನೆ. ಹೆಬ್ಬಾಳದ ಆಸುಪಾಸಿನ ಯಾವುದೇ ದೊಡ್ಡ ಆಸ್ಪತ್ರೆಯ ತೀವ್ರನಿಗಾ ಘಟಕವನ್ನು ಊಹಿಸಿಕೊಳ್ಳಿ. ಯಂತ್ರಗಳ ಎಚ್ಚರಿಕೆಯ ಗಂಟೆ ನಿಮಿಷ ನಿಮಿಷಕ್ಕೂ ಬಡಿಯುತ್ತದೆ. ಬಹುಪಾಲು ಅಪ್ರಸ್ತುತ, ಒಂದೆರಡು ಮಾತ್ರ ಪ್ರಾಣದ ಪ್ರಶ್ನೆ. ದಾದಿಗೆ ಕೈಕೆಲಸ ಹೆಚ್ಚಾದಾಗ ಔಷಧಿಯ ಹೊತ್ತು ತಪ್ಪುವುದಿಲ್ಲ, ಸೂಜಿ ತಪ್ಪುವುದಿಲ್ಲ. ತಪ್ಪುವುದು ಯಾವುದು? ಹೊರಗೆ ಬೆಂಚಿನ ಮೇಲೆ ಕುಳಿತ ರೋಗಿಯ ತಾಯಿಯೊಡನೆ ಆಡಬೇಕಾದ ಎರಡು ಮಾತು. ಅದನ್ನು ಯಾವ ದಾಖಲೆ ಪುಸ್ತಕವೂ ತಪ್ಪೆಂದು ಬರೆದುಕೊಳ್ಳುವುದಿಲ್ಲ.

ಹೊರೆ ಹೆಚ್ಚಾದರೆ ಅಪಾಯವೆಂಬುದು ಎಲ್ಲರೂ ಬಲ್ಲ ಮಾತು. ಹೊರೆ ತೀರ ಕಡಿಮೆಯಾದರೂ ಅಪಾಯವೆಂಬುದು ಅಷ್ಟಾಗಿ ತಿಳಿಯದ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗಂಟೆಗಟ್ಟಲೆ ರೇಡಾರ್ ಪರದೆ ನೋಡುತ್ತ ಕುಳಿತ ಸೈನಿಕರು ಕಣ್ಣೆದುರಿನ ಚುಕ್ಕೆಯನ್ನೇ ಕಾಣದೆ ಹೋಗುವುದೇಕೆಂಬ ಪ್ರಶ್ನೆ ಬ್ರಿಟಿಷ್ ವಾಯುಸೇನೆಗೆ ಎದುರಾಯಿತು. ನಾರ್ಮನ್ ಮ್ಯಾಕ್‌ವರ್ತ್ ಎಂಬಾತ ಅದಕ್ಕಾಗಿ ಒಂದು ವಿಚಿತ್ರ ಗಡಿಯಾರ ಮಾಡಿದ. ಅದರ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತದೆ. ಎಂದೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಹೇಳಬೇಕು, ಅಷ್ಟೆ. 1948ರಲ್ಲಿ ಪ್ರಕಟವಾದ ಅವನ ಫಲಿತಾಂಶದಂತೆ, ಎರಡು ಗಂಟೆಯ ಕಾವಲಿನಲ್ಲಿ ಮೊದಲ ಅರ್ಧ ಗಂಟೆ ಕಳೆಯುವುದರೊಳಗೆ ಗಮನ ಕುಸಿಯತೊಡಗುತ್ತದೆ. ಇಚ್ಛಾಶಕ್ತಿಯ ಕೊರತೆಯಲ್ಲ ಅದು. ಮನುಷ್ಯನ ಮನಸ್ಸಿನ ಕಟ್ಟೋಣವೇ ಹಾಗೆ.

ನಮ್ಮ ಎಂಜಿನ್ ಚಾಲಕನ ರಾತ್ರಿ ಹೆಚ್ಚುಕಡಿಮೆ ಈ ಗಡಿಯಾರದ ಮುಂದೆ ಕಳೆಯುವ ರಾತ್ರಿ. ಕತ್ತಲೆ, ಒಂದೇ ಲಯದ ಸದ್ದು, ಹಸಿರು, ಮತ್ತೆ ಹಸಿರು, ಮತ್ತೆ ಹಸಿರು. 2012ರ ಮೇ 22ರಂದು ಬೆಳಗಿನ ಜಾವ ಮೂರರ ಸುಮಾರಿಗೆ, ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್, ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಸರಕುಗಾಡಿಗೆ ಹಿಂದಿನಿಂದ ಬಡಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಾಡಿ ನಿಲ್ಲಬೇಕಾದ ಸಿಗ್ನಲ್ಲನ್ನು ದಾಟಿ ಬಂದಿತ್ತು. ಇನ್ನು ಕೆಲವೇ ಗಂಟೆಗಳಲ್ಲಿ ಗೌರಿಬಿದನೂರು, ದೊಡ್ಡಬಳ್ಳಾಪುರ ಹಾದು ಯಲಹಂಕಕ್ಕೆ ಬರಬೇಕಾಗಿದ್ದ ಗಾಡಿ ಅದು. ಸರಿಯಾಗಿ ಎರಡು ವರ್ಷದ ಹಿಂದೆ ಅದೇ ತಾರೀಖಿನಂದು, 2010ರ ಮೇ 22ರ ಬೆಳಿಗ್ಗೆ, ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿಯನ್ನು ಮೀರಿ ಕಮರಿಗೆ ಉರುಳಿತ್ತು. 158 ಮಂದಿ ಸತ್ತರು, 8 ಮಂದಿ ಉಳಿದರು. ಹಿರಿಯ ಚಾಲಕ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಹೋಗಿದ್ದನೆಂದು ವಿಚಾರಣೆಯಲ್ಲಿ ತಿಳಿದುಬಂತು. ಧ್ವನಿಮುದ್ರಣದಲ್ಲಿ ಗೊರಕೆ ಕೇಳಿಸುತ್ತಿತ್ತು. ಎದ್ದ ಮೇಲೂ ನಿದ್ದೆಯ ಮಂಪರು ವಿವೇಚನೆಯನ್ನು ಬಿಟ್ಟಿರಲಿಲ್ಲ. ಇಳಿಯುವುದು ಬೇಡ, ಮೇಲೆ ಹೋಗೋಣ ಎಂದು ಕಿರಿಯ ಚಾಲಕ ಹೇಳಿದ್ದೂ ವ್ಯರ್ಥವಾಯಿತು.

ಇನ್ನೊಂದು, ಇವೆರಡಕ್ಕೂ ಹಿಂದಿನದು, ನಮ್ಮ ಊರಿನದೇ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಏರ್‌ಬಸ್ 320 ವಿಮಾನ, ಆಗಿನ ಎಚ್.ಎ.ಎಲ್. ನಿಲ್ದಾಣದ ಓಡುದಾರಿ ತಲಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ವಿಚಾರಣೆ ನಡೆಸಿದ್ದು ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು. ಬಹಳಷ್ಟನ್ನು ತಾನೇ ಮಾಡಿಕೊಳ್ಳುವ ಆ ಹೊಸ ಬಗೆಯ ವಿಮಾನದಲ್ಲಿ, ಎಂಜಿನ್ನುಗಳು ಅತಿ ಕಡಿಮೆ ಶಕ್ತಿಯಲ್ಲಿ ನಿಂತು ವೇಗ ಕುಸಿಯುತ್ತಿದ್ದುದು ಕೊನೆಗಳಿಗೆಯವರೆಗೆ ಚಾಲಕರ ಗಮನಕ್ಕೆ ಬರಲಿಲ್ಲ. ಲಿಸಾನ್ ಬೈನ್‌ಬ್ರಿಜ್ ಎಂಬ ವಿದುಷಿ 1983ರಲ್ಲೇ ಈ ಬಗ್ಗೆ ಎಚ್ಚರಿಸಿದ್ದಳು. ಸುಲಭವಾದದ್ದನ್ನೆಲ್ಲ ಯಂತ್ರಕ್ಕೆ ವಹಿಸಿದರೆ ಮನುಷ್ಯನಿಗೆ ಉಳಿಯುವುದು ಎರಡೇ: ಸುಮ್ಮನೆ ಕಾಯುವುದು ಮತ್ತು ಥಟ್ಟನೆ ಬಂದೆರಗುವ ಕಷ್ಟವನ್ನು ನಿಭಾಯಿಸುವುದು. ಮೊದಲನೆಯದನ್ನು ಮನುಷ್ಯ ಚೆನ್ನಾಗಿ ಮಾಡಲಾರ; ಎರಡನೆಯದಕ್ಕೆ ಬೇಕಾದ ಅಭ್ಯಾಸ ಮೊದಲನೆಯದರಿಂದ ತಪ್ಪಿಹೋಗಿರುತ್ತದೆ. ಎಂಜಿನ್ ಚಾಲಕ ಎಚ್ಚರವಾಗಿದ್ದಾನೆಯೆ ಎಂದು ತಿಳಿಯಲು ಈಗ ಆಗಾಗ ಗುಂಡಿ ಒತ್ತಿಸುವ ಉಪಕರಣವಿದೆ. ಒತ್ತದಿದ್ದರೆ ಗಾಡಿಯ ಬ್ರೇಕು ತಾನೇ ಬೀಳುತ್ತದೆ. ಒಳ್ಳೆಯದೇ. ಆದರೆ ಜಪಮಣಿ ಎಣಿಸುವ ಕೈಗೆ ಮನಸ್ಸು ಬೇಕೇಬೇಕೆಂದಿಲ್ಲ ಎಂಬುದನ್ನು ನಮ್ಮ ಅಜ್ಜಿಯರನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊತ್ತೂ ನಾನು ಹೇಳಿದ್ದು ಗಳಿಗೆಯ ಹೊರೆಯ ಮಾತು. ಈಗ ವರ್ಷಗಳ ಮಾತಿಗೆ ಬರುತ್ತೇನೆ.

1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಬರಹವೊಂದರಲ್ಲಿ 'ಬರ್ನ್‌ಔಟ್' ಎಂಬ ಮಾತನ್ನು ಬಳಸಿದ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಹಗಲಿನ ಕೆಲಸ ಮುಗಿಸಿ ರಾತ್ರಿ ಬಂದು ದುಡಿಯುತ್ತಿದ್ದವರಲ್ಲಿ ಅವನೂ ಒಬ್ಬ. ಉತ್ಸಾಹದಿಂದ ಬಂದ ಸಹೋದ್ಯೋಗಿಗಳು ಕೆಲವು ತಿಂಗಳುಗಳಲ್ಲೇ ಸಿಡುಕರಾಗುತ್ತಿದ್ದುದನ್ನು, ಬೇಸತ್ತು ನಿರ್ವಿಕಾರರಾಗುತ್ತಿದ್ದುದನ್ನು ಕಂಡ, ತನ್ನಲ್ಲೂ ಕಂಡ. ಕಾಕತಾಳೀಯವೆಂಬಂತೆ ಅದೇ 1974ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬಾಕೆ ಆ ಮಾತಿಗೆ ಶಾಸ್ತ್ರೀಯ ರೂಪ ಕೊಟ್ಟಳು. 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ಅವಳು ರೂಪಿಸಿದ 22 ವಾಕ್ಯಗಳ ಪ್ರಶ್ನಾವಳಿಯಲ್ಲಿ ಮೂರು ಎಳೆಗಳಿವೆ. ಒಳಗಿನದೆಲ್ಲ ಬರಿದಾದ ಭಾವ. ಎದುರಿಗಿರುವ ಮನುಷ್ಯ ಮನುಷ್ಯನೆನಿಸದೆ ಹೋಗುವುದು. ತಾನು ಮಾಡಿದ್ದರಿಂದ ಏನೂ ಆಗಲಿಲ್ಲವೆಂಬ ಅನಿಸಿಕೆ. ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ರೋಗಿಯ ಹೆಸರು ಹೋಗಿ 'ಏಳನೇ ಬೆಡ್' ಆಗುವುದು. ದೂರು ಕೊಡಲು ಬಂದವಳ ಮುಖ ಹೋಗಿ 'ಇನ್ನೊಂದು ಕೇಸು' ಆಗುವುದು. ಇದನ್ನು ನಾವು ಹೃದಯಹೀನತೆಯೆಂದು ಬಯ್ಯುತ್ತೇವೆ. ಮ್ಯಾಸ್ಲಾಕ್ ಹೇಳುವುದು, ಹೃದಯವನ್ನು ಬಹಳ ಬಳಸಿದವರಿಗೇ ಇದು ಬರುತ್ತದೆಂದು.

ಈ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು? 'ಸುಟ್ಟುಹೋಗುವುದು' ಎಂದರೆ ಹೊಟ್ಟೆಕಿಚ್ಚಿನ ವಾಸನೆ ಬರುತ್ತದೆ. 'ದಣಿವು' ಎಂದರೆ ಸಾಲದು. ದಣಿವು ಒಂದು ರಾತ್ರಿಯ ನಿದ್ದೆಗೆ ಹೋಗುತ್ತದೆ, ಅದು ಸುಖದ ಸಂಗತಿಯೂ ಹೌದು. ನನಗೆ ತೋರಿದ್ದು 'ಬತ್ತುವಿಕೆ'. ಬೆಂಗಳೂರಿನ ಉತ್ತರಭಾಗ ಕೆರೆಗಳ ನಾಡು. ಹೆಬ್ಬಾಳ, ಜಕ್ಕೂರು, ಯಲಹಂಕ, ನಾಗವಾರ, ಎಲ್ಲೆಲ್ಲೂ ಕೆರೆ. ಕೆರೆ ಬತ್ತುವುದು ಹೆಚ್ಚು ನೀರು ಬಳಸಿದ್ದರಿಂದಲೇ ಎಂದು ತಿಳಿಯಬಾರದು. ಮಳೆಗಾಲದಲ್ಲಿ ನೀರು ತರಬೇಕಾದ ಕಾಲುವೆಯನ್ನು ಮೇಲೆಲ್ಲೋ ಮುಚ್ಚಿ ಸೈಟು ಮಾಡಿದ್ದರೆ, ಒಂದು ಚೊಂಬು ಬಳಸದಿದ್ದರೂ ಕೆರೆ ಬತ್ತುತ್ತದೆ. ಮನುಷ್ಯನ ವಿಷಯದಲ್ಲಿಯೂ ಸಂಶೋಧಕರು ಕಂಡುಕೊಂಡದ್ದು ಹೆಚ್ಚುಕಡಿಮೆ ಇದೇ. 1979ರಲ್ಲಿ ರಾಬರ್ಟ್ ಕ್ಯಾರಸೆಕ್ ಮಂಡಿಸಿದಂತೆ, ಕೆಲಸದ ಒತ್ತಾಯ ಮಾತ್ರವೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಒತ್ತಾಯ ಹೆಚ್ಚಾಗಿ, ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ಸ್ವಾತಂತ್ರ್ಯ ಕಡಿಮೆಯಾದಾಗ ಕುಗ್ಗಿಸುತ್ತದೆ. ಅವಧಾನಿಯ ಹೊರೆ ಯಾವ ದಾದಿಯ ಹೊರೆಗೂ ಕಡಿಮೆಯದಲ್ಲ. ಆದರೆ ಅದನ್ನು ಅವನೇ ಬಯಸಿ ಹೊತ್ತದ್ದು. ಮೂರು ನಾಲ್ಕು ಗಂಟೆಗೆ ಮುಗಿಯುತ್ತದೆ. ಎದುರಿಗೆ ಸಹೃದಯರ ಚಪ್ಪಾಳೆಯಿದೆ. ಒಂದು ಅಕ್ಷರ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಆದ್ದರಿಂದ ಅವನು ಮನೆಗೆ ದಣಿದು ಹೋಗುತ್ತಾನೆ, ಬತ್ತಿ ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ಬರ್ನ್‌ಔಟನ್ನು ಸೇರಿಸಿದೆ. ಅದಕ್ಕೆ 2019ರಲ್ಲಿ ಅಂಗೀಕಾರ ದೊರೆತು 2022ರಿಂದ ಜಾರಿಗೆ ಬಂತು. ಆದರೆ ರೋಗವೆಂದು ಸೇರಿಸಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಷ್ಟೇ ಹೇಳಿದೆ, ಮತ್ತು ಕೆಲಸದ ಸ್ಥಳದ ಒತ್ತಡವನ್ನು ಸರಿಯಾಗಿ ನಿರ್ವಹಿಸದೆ ಹೋದದ್ದರ ಫಲವೆಂದಿದೆ. ಇದರಲ್ಲೊಂದು ಸೂಕ್ಷ್ಮವಿದೆ. ರೋಗವೆಂದಾಗ ದೋಷ ರೋಗಿಯ ಶರೀರದಲ್ಲಿ, ಮದ್ದೂ ಅವನಿಗೇ. ಪ್ರಾಣಾಯಾಮ ಮಾಡು, ಹೊತ್ತಿಗೆ ಸರಿಯಾಗಿ ಮಲಗು, ಮನಸ್ಸು ಗಟ್ಟಿ ಮಾಡಿಕೋ. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಹೊತ್ತಿಗೆ ಸರಿಯಾಗಿ ಮಲಗೆಂದು ರಾತ್ರಿಪಾಳಿಯವನಿಗೆ ಹೇಳುವುದು ಎಷ್ಟು ನ್ಯಾಯ?

ದುಡಿಯುವವರು ಏನು ಕೇಳುತ್ತಾರೆಂಬುದನ್ನು ಗಮನಿಸಿದರೆ ಸಾಕು, ಬತ್ತುವಿಕೆಯ ಮೂಲ ಎಲ್ಲಿದೆಯೆಂದು ತಿಳಿದೀತು. 2016ರ ಜೂನ್ 4ರಂದು ಸಾಮೂಹಿಕವಾಗಿ ರಜೆ ಹಾಕುವುದೆಂದು ಕರ್ನಾಟಕದ ಪೊಲೀಸ್ ಪೇದೆಗಳಿಗೆ ಕರೆ ಹೋಗಿದ್ದುದು ನಿಮಗೆ ನೆನಪಿರಬಹುದು. ಸಂಬಳದ ಮಾತಿತ್ತು, ಮೇಲಧಿಕಾರಿಗಳ ಕಿರುಕುಳದ ಮಾತಿತ್ತು. ಅವುಗಳ ಜೊತೆಗೆ ರಜೆ ಸಿಗುವುದಿಲ್ಲವೆಂಬ ಅಳಲಿತ್ತು. ಕಳ್ಳರನ್ನು ಹಿಡಿಯುವುದು ಕಷ್ಟವೆಂದು ಯಾರೂ ದೂರಲಿಲ್ಲ. ಸರ್ಕಾರ ರಾಘವೇಂದ್ರ ಔರಾದ್ಕರ್ ಅವರ ಸಮಿತಿಯನ್ನು ನೇಮಿಸಿತು. ಸಂಬಳದ ಪ್ರಶ್ನೆಗೆ ಒಂದಿಷ್ಟು ಪರಿಹಾರವೂ ದೊರೆಯಿತು. ಆರ್.ಟಿ. ನಗರದ ಕೂಡುರಸ್ತೆಯಲ್ಲಿ ಹೊಗೆಯ ನಡುವೆ ನಿಂತ ಪೇದೆ ಹಬ್ಬದ ದಿನ ಮನೆಯಲ್ಲಿರುತ್ತಾನೆಯೆ ಎಂಬುದು ಬೇರೆ ಪ್ರಶ್ನೆ. ಹಾಗೆಯೇ ದಕ್ಷಿಣದ ರೈಲು ಚಾಲಕರು 2024ರಲ್ಲಿ ಮುಂದಿಟ್ಟದ್ದೂ ಒಂದು ಅಂಕಗಣಿತದ ಬೇಡಿಕೆಯನ್ನು. ದಿನದ ವಿಶ್ರಾಂತಿ 16 ಗಂಟೆ, ವಾರದ ವಿಶ್ರಾಂತಿ 30 ಗಂಟೆ; ಎರಡನ್ನೂ ಕೂಡಿಸಿ 46 ಗಂಟೆ ಕೊಡಿ, ಒಂದರೊಳಗೆ ಇನ್ನೊಂದನ್ನು ಅಡಗಿಸಬೇಡಿ.

ವಿಮಾನ ಚಾಲಕರ ಕಥೆ ಇನ್ನೂ ಹೊಸದು. ಅವರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಬೇಕೆಂದೂ, ರಾತ್ರಿ ಇಳಿಸುವಿಕೆಗಳನ್ನು ಮಿತಿಗೊಳಿಸಬೇಕೆಂದೂ ನಾಗರಿಕ ವಿಮಾನಯಾನದ ಮಹಾನಿರ್ದೇಶಕರು 2024ರ ಜನವರಿಯಲ್ಲಿ ನಿಯಮ ಪ್ರಕಟಿಸಿದರು. ಅದು ಜಾರಿಗೆ ಬಂದದ್ದು ಎರಡು ಕಂತಿನಲ್ಲಿ, 2025ರ ಜುಲೈನಲ್ಲಿ ಮತ್ತು ನವೆಂಬರಿನಲ್ಲಿ. ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ಹಾರಾಟಗಳು ನೂರಾರು ಸಂಖ್ಯೆಯಲ್ಲಿ ರದ್ದಾದವು. ದೇವನಹಳ್ಳಿಯಲ್ಲಿಯೂ ಜನ ಪೆಟ್ಟಿಗೆಗಳ ಮೇಲೆ ತಲೆಯಿಟ್ಟು ಮಲಗಿದರು. ಹೊಸ ನಿಯಮಕ್ಕೆ ಸಾಕಾಗುವಷ್ಟು ಚಾಲಕರ ಏರ್ಪಾಡು ಆಗಿರಲಿಲ್ಲ. ಕಡೆಗೆ ನಿಯಮದ ಕೆಲವು ಅಂಶಗಳನ್ನು ಆ ಸಂಸ್ಥೆಯ ಪಾಲಿಗೆ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಇಷ್ಟು ದಿನ ಆ ವೇಳಾಪಟ್ಟಿ ನಡೆದುಬಂದದ್ದು ಯಾರ ನಿದ್ದೆಯ ಮೇಲೆ ಎಂಬ ಪ್ರಶ್ನೆ ಆಗ ನನಗೆ ಮೊದಲ ಬಾರಿಗೆ ಹೊಳೆಯಿತು. ರದ್ದಾದ ವಿಮಾನಕ್ಕಾಗಿ ಶಪಿಸುತ್ತಿದ್ದವರಲ್ಲಿ ನಾನೂ ಇದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ಈಗ ನಮ್ಮ ಸಂಶೋಧನ ವಿದ್ಯಾರ್ಥಿನಿಯ ತೊಡಕುಗಳಿಗೆ ಬರುತ್ತೇನೆ. ಮೊದಲನೆಯದು ಭಾಷೆ. ಮ್ಯಾಸ್ಲಾಕಳ ವಾಕ್ಯಗಳನ್ನು ಕನ್ನಡಿಸಬೇಕು, ಕನ್ನಡಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡೂ ಹೊಂದಬೇಕು. ಪದ್ಧತಿ ಸರಿಯೇ. 'ನಾನು ಭಾವನಾತ್ಮಕವಾಗಿ ಬರಿದಾಗಿದ್ದೇನೆ' ಎಂಬ ವಾಕ್ಯ ಅತ್ತಿಂದಿತ್ತ ಹೋಗಿ ಸುರಕ್ಷಿತವಾಗಿ ಹಿಂದಿರುಗುತ್ತದೆ. ಆದರೆ ಹಾಗೆ ಮಾತಾಡುವ ದಾದಿ ಕನ್ನಡನಾಡಿನಲ್ಲಿ ಯಾರಿದ್ದಾರೆ? ಅವಳು ಹೇಳುವುದು 'ಸಾಕಾಗಿಹೋಗಿದೆ' ಎಂದು. ಹೆಚ್ಚಾಗಿ ಅದನ್ನೂ ಹೇಳುವುದಿಲ್ಲ. 'ಏನೋ, ನಡೀತಿದೆ' ಎನ್ನುತ್ತಾಳೆ. ಆ 'ಏನೋ' ಎಂಬುದಕ್ಕೆ ಎಷ್ಟು ಅಂಕ ಕೊಡಬೇಕು?

ಎರಡನೆಯದು ಭಯ. ಹೆಸರು ಬರೆಯಬೇಕಾಗಿಲ್ಲ, ಗುಟ್ಟಾಗಿಡುತ್ತೇವೆ ಎಂದು ಹಾಳೆಯ ತಲೆಯಲ್ಲಿ ಅಚ್ಚಾಗಿರುತ್ತದೆ. ಆದರೆ ಹಾಳೆ ಹಂಚುವುದು ಮೇಲಧಿಕಾರಿಯ ಅಪ್ಪಣೆಯಿಂದ. ಗಾಡಿ ನಡೆಸುವವನು, ಆಕಾಶ ಕಾಯುವವನು 'ನನಗೆ ಗಮನ ನಿಲ್ಲುವುದಿಲ್ಲ' ಎಂದು ಗುರುತು ಹಾಕಿದರೆ ಅವನನ್ನು ಆ ಕೆಲಸದಿಂದ ಇಳಿಸಬಹುದಲ್ಲವೆ? ಆದ್ದರಿಂದ ಹಾಳೆಗಳೆಲ್ಲ ಆರೋಗ್ಯದಿಂದ ನಳನಳಿಸುತ್ತ ಹಿಂದಿರುಗುತ್ತವೆ. ಮೂಟೆಯ ತಕ್ಕಡಿಗೂ ಈ ತಕ್ಕಡಿಗೂ ಇರುವ ವ್ಯತ್ಯಾಸ ಇದು. ಮೂಟೆ ಸುಳ್ಳು ಹೇಳುವುದಿಲ್ಲ, ಅದಕ್ಕೆ ಕೆಲಸ ಕಳೆದುಕೊಳ್ಳುವ ಹೆದರಿಕೆಯಿಲ್ಲ.

ಮೂರನೆಯದನ್ನು ಕೇಳಿ ನಾನು ಬೆರಗಾದೆ. ನೀವು ಪ್ರಶ್ನೆ ಕೇಳುವುದು ಕೆಲಸದಲ್ಲಿರುವವರನ್ನು. ನಿಜವಾಗಿ ಬತ್ತಿಹೋದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಊರಿಗೆ ಹಿಂದಿರುಗಿದ ದಾದಿ, ಅವಧಿಗೆ ಮೊದಲೇ ನಿವೃತ್ತಿ ಪಡೆದ ಪೇದೆ, ಇವರು ನಿಮ್ಮ ಪಟ್ಟಿಯಲ್ಲಿಲ್ಲ. ಹೀಗಾಗಿ ಅತ್ಯಂತ ಕಠಿಣವಾದ ಕೆಲಸದ ಸ್ಥಳವೇ ಕಾಗದದ ಮೇಲೆ ಅತ್ಯಂತ ಆರೋಗ್ಯದ ಸ್ಥಳವಾಗಿ ಕಂಡುಬಿಡಬಹುದು. ಇದನ್ನು ತಪ್ಪಿಸಬೇಕಾದರೆ ಹೊಸದಾಗಿ ಸೇರಿದವರನ್ನು ಗುರುತಿಸಿ ಮೂರು ನಾಲ್ಕು ವರ್ಷ ಬೆನ್ನುಹತ್ತಬೇಕು. ಬಿಟ್ಟುಹೋದವರ ಮನೆಯ ಬಾಗಿಲನ್ನೂ ತಟ್ಟಬೇಕು. ಅಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಒಂದೇ ಮಧ್ಯಾಹ್ನ ಹೊರೆಯ ಪ್ರಶ್ನಾವಳಿಯನ್ನೂ ಬತ್ತುವಿಕೆಯ ಪ್ರಶ್ನಾವಳಿಯನ್ನೂ ಹಂಚಿ, ಗಣಕಯಂತ್ರಕ್ಕೆ ಉಣಿಸಿ, ಇವೆರಡಕ್ಕೂ ಸಂಬಂಧವಿದೆಯೆಂದು ಇನ್ನೂರು ಪುಟ ಬರೆದು ಪದವಿ ಪಡೆಯುವುದು ಸುಲಭದ ದಾರಿ. ಗಳಿಗೆಯನ್ನು ಅಳೆಯುವ ಗೋಲಿನಿಂದ ವರ್ಷವನ್ನು ಅಳೆದಂತೆ ಅದು. ನಮ್ಮ ಹುಡುಗಿ ಆ ದಾರಿ ಹಿಡಿಯಲಿಲ್ಲ. ಆದ್ದರಿಂದಲೇ ಅವಳದು ಇನ್ನೂ ಮುಗಿದಿಲ್ಲ.

ಕಳೆದ ಸಾರಿ ಬಂದಾಗ ಅವಳು ಒಂದು ದೊಡ್ಡ ಹಾಳೆಯನ್ನು ಹರಡಿದಳು. ಚಾಲಕರ ವಾರದ ದಿನಚರಿ ಅದು. ಗಂಟೆಗೊಂದು ಮನೆ: ಕೆಲಸ, ಪ್ರಯಾಣ, ನಿದ್ದೆ, ಮನೆಗೆಲಸ, ವಿಶ್ರಾಂತಿ. ಹಿಂದಿನ ಕಾಲದಲ್ಲಿ ರೈಲ್ವೆ ಕಾಲೊನಿಗಳಲ್ಲಿ 'ಕಾಲ್ ಬಾಯ್' ಎಂಬೊಬ್ಬನಿರುತ್ತಿದ್ದ. ಹೊತ್ತುಗೊತ್ತಿಲ್ಲದೆ ಬಂದು ಬಾಗಿಲು ತಟ್ಟಿ, ಇಂಥ ಗಾಡಿಗೆ ಬರತಕ್ಕದ್ದೆಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಈಗ ಆ ಕರೆ ಮೊಬೈಲಿಗೇ ಬರುತ್ತದೆ. ಒಬ್ಬ ಚಾಲಕ ತನ್ನ ಹಾಳೆಯಲ್ಲಿ ಭಾನುವಾರ ರಾತ್ರಿ ಹತ್ತರಿಂದ ಎರಡರವರೆಗಿನ ನಾಲ್ಕು ಮನೆಗಳಿಗೆ ಮೊದಲು 'ವಿಶ್ರಾಂತಿ' ಎಂದು ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಫೋನು ದಿಂಬಿನ ಕೆಳಗೆ' ಎಂದು ಬರೆದಿದ್ದ. ಕರೆ ಬಂದಿರಲಿಲ್ಲ. ಅವನು ಎದ್ದೂ ಇರಲಿಲ್ಲ, ಮಲಗಿಯೂ ಇರಲಿಲ್ಲ. ಈ ನಾಲ್ಕು ಗಂಟೆಗಳನ್ನು ಯಾವ ಅಂಕಣಕ್ಕೆ ಸೇರಿಸಲಿ ಎಂದು ಅವಳು ನನ್ನನ್ನು ಕೇಳಿದಳು.